60 ಸೆಂ.ಮೀ. ಮೀನಿನ ಟ್ಯಾಂಕ್ ಪೂರ್ತಿ ಬಿಚ್ಚಿ ಕಲ್ಲು, ಕಾರ್ಪೆಟ್ ಗಿಡ ಹಾಕಬೇಕು ಅಂತಿದ್ದೇನೆ, ಸಲಹೆ ಕೊಡಿ

ಹಸಿರುಗಾಜು

ಎಲ್ಲರಿಗೂ ನಮಸ್ಕಾರ. ನನ್ನ ಟ್ಯಾಂಕ್ 60 x 30 x 36 ಸೆಂ.ಮೀ., ಅಂದರೆ ಸುಮಾರು 65 ಲೀಟರ್. ಸದ್ಯಕ್ಕೆ ಅದೊಂದು ಕಾಡು. ಹಿಂದಿನ ಗೋಡೆಯುದ್ದಕ್ಕೂ ವ್ಯಾಲಿಸ್ನೇರಿಯಾ, ನಡುವೆ ಕ್ರಿಪ್ಟೊಕೊರಿನ್ ಪೊದೆ, ಮರದ ಕೊರಡಿನ ಮೇಲೆ ಜಾವಾ ಫರ್ನ್ ಮತ್ತು ಅನೂಬಿಯಾಸ್. ಎಲ್ಲವೂ ಚೆನ್ನಾಗಿ ಬೆಳೆದಿವೆ, ಅದೇ ತೊಂದರೆ. ಮೀನು ಎಲ್ಲಿದೆ ಅಂತ ಬಗ್ಗಿ ಹುಡುಕಬೇಕು.

ಎಲ್ಲ ತೆಗೆದು, ನಾಲ್ಕೈದು ಕಲ್ಲು, ಅವುಗಳ ಸುತ್ತ ತಗ್ಗಾದ ಹಸಿರು ಹಾಸು, ಇಷ್ಟೇ ಇಡೋಣ ಅಂತ ಆಸೆ. ಮೀನುಗಳಲ್ಲಿ ಈಗ ಇರೋದು ಒಂಬತ್ತು ಎಂಬರ್ ಟೆಟ್ರಾ, ಐದು ಕೋರಿಡೋರಸ್. ಕ್ಯಾನಿಸ್ಟರ್ ಫಿಲ್ಟರ್ ಇದೆ, ಮಬ್ಬು ಮಾಡಬಹುದಾದ ಎಲ್ಇಡಿ ದೀಪ ಇದೆ. ಗಿಡಕ್ಕೆ ಸಿಒ2 (ಇಂಗಾಲದ ಡೈಆಕ್ಸೈಡ್ ಗ್ಯಾಸ್) ಕೊಡುವ ವ್ಯವಸ್ಥೆ ಇಲ್ಲ. ತಳದಲ್ಲಿ ಸಾದಾ ಜಲ್ಲಿ.

ಎಲ್ಲಿಂದ ಶುರು ಮಾಡಲಿ?

ನಿಧಾನವೇಪ್ರಧಾನ

ಶುರು ಮಾಡದೇ ಇರೋದು ಒಳ್ಳೆಯದು ಅನ್ನೋದು ನನ್ನ ಮೊದಲ ಸಲಹೆ 🙂

ತಮಾಷೆ ಬಿಡಿ. ನಿಮ್ಮದು ಸಿಒ2 ಇಲ್ಲದೆ ತನ್ನ ಪಾಡಿಗೆ ನಡೆಯುತ್ತಿರುವ ಟ್ಯಾಂಕ್. ಪಾಚಿ ಇಲ್ಲ, ಮೀನು ಆರಾಮಾಗಿವೆ. ಅದನ್ನು ಬಿಚ್ಚಿ, ವಾರವಾರ ಕತ್ತರಿ ಹಿಡಿದು ಕೂರಬೇಕಾದ ಟ್ಯಾಂಕ್ ಮಾಡಲು ಹೊರಟಿದ್ದೀರಿ. ಕಲ್ಲು–ಕಾರ್ಪೆಟ್ ಟ್ಯಾಂಕಿನಲ್ಲಿ ಗಿಡದ ಒಟ್ಟು ರಾಶಿ ಕಡಿಮೆ, ಬೆಳಕು ಜಾಸ್ತಿ. ಪಾಚಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಇಲ್ಲ. ಫೋಟೋದಲ್ಲಿ ಸರಳವಾಗಿ ಕಾಣುತ್ತೆ, ಸಾಕೋದು ಸರಳ ಅಲ್ಲ.

ವ್ಯಾಲಿಸ್ನೇರಿಯಾ ಅರ್ಧ ಕಿತ್ತು, ಮುಂದೆ ಮೂರು ಕಲ್ಲು ಇಟ್ಟು ನೋಡಿ ಮೊದಲು.

ಹಸಿರುಗಾಜು

ನೀವು ಹೇಳಿದ್ದು ಸರಿ ಸರ್, ಅದನ್ನೂ ಯೋಚಿಸಿದೆ. ಆದರೆ ಅರ್ಧಂಬರ್ಧ ಮಾಡಿದರೆ ಎರಡೂ ಆಗಲ್ಲ ಅನ್ನಿಸುತ್ತೆ. ಕತ್ತರಿ ಹಿಡಿಯೋದು ನನಗೆ ಬೇಸರ ಇಲ್ಲ. ಗಿಡಗಳೂ ಹಾಳಾಗಲ್ಲ. ಫರ್ನ್, ಅನೂಬಿಯಾಸ್ ಕೊರಡಿನ ಸಮೇತ ಇನ್ನೊಂದು ಟ್ಯಾಂಕಿಗೆ ಹೋಗುತ್ತವೆ.

ಕಲ್ಲಿನಮನೆ

ಹಾಗಾದರೆ ಪೂರ್ತಿ ಬಿಚ್ಚಿ. ನಾನು ಹೇಳೋದು ಒಂದೇ ಮಾತು: ಗಿಡದ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಒಣ ಟ್ಯಾಂಕಿನಲ್ಲಿ, ಒಂದೇ ಒಂದು ಎಲೆ ಇಲ್ಲದೆ, ಬರೀ ಕಲ್ಲು ಮತ್ತು ಮಣ್ಣು ನೋಡಿ ಮನಸ್ಸಿಗೆ ಹಿಡಿಸಬೇಕು. ಹಿಡಿಸದಿದ್ದರೆ ಯಾವ ಕಾರ್ಪೆಟ್ ಬಂದರೂ ಅದನ್ನು ಉಳಿಸಲ್ಲ. ಗಿಡ ಬೆಳೆದ ಮೇಲೆ ಕಲ್ಲು ಚಿಕ್ಕದಾಗಿ ಕಾಣುತ್ತೆ, ದೊಡ್ಡದಾಗಿ ಅಲ್ಲ. ಹಾಗಾಗಿ ಈಗ "ಸ್ವಲ್ಪ ಜಾಸ್ತಿಯೇ ದೊಡ್ಡದಾಯ್ತು" ಅನ್ನಿಸುವ ಕಲ್ಲೇ ಸರಿಯಾದ ಕಲ್ಲು.

ನೀವು ಕೇಳ್ತಿರೋ ಶೈಲಿಗೆ ಜಪಾನಿನಲ್ಲಿ ಇವಾಗುಮಿ ಅಂತಾರೆ. ಅಲ್ಲಿನ ಕಲ್ಲಿನ ತೋಟಗಳ ಪದ್ಧತಿ, ನೀರಿನೊಳಗೆ ತಂದು ಜನಪ್ರಿಯ ಮಾಡಿದ್ದು ತಕಾಶಿ ಅಮಾನೊ (1954–2015). ಛಾಯಾಗ್ರಾಹಕ, ಅದಕ್ಕೂ ಮುಂಚೆ ವೃತ್ತಿಪರ ಸೈಕಲ್ ರೇಸರ್! ಅವರ ಕೊನೆಯ ದೊಡ್ಡ ಕೆಲಸ ಲಿಸ್ಬನ್ನಿನ ಓಷನೇರಿಯಂಗೆ ಮಾಡಿದ್ದು. 40 ಮೀಟರ್ ಉದ್ದದ ಟ್ಯಾಂಕ್. ನಮ್ಮದು 60 ಸೆಂ.ಮೀ., ಸಮಾಧಾನ ಮಾಡ್ಕೊಳ್ಳೋಣ.

ಅದರಲ್ಲಿ ಪ್ರತಿ ಕಲ್ಲಿಗೂ ಒಂದು ಕೆಲಸ. ಎಲ್ಲಕ್ಕಿಂತ ದೊಡ್ಡದು ಓಯಾಇಶಿ. ಎರಡನೆಯದು ಫುಕುಇಶಿ, ದೊಡ್ಡದರ ಪಕ್ಕ ಅಥವಾ ಎದುರು ನಿಂತು ತೂಕ ಸರಿದೂಗಿಸುತ್ತೆ. ಮೂರನೆಯದು ಸೋಏಇಶಿ, ದೊಡ್ಡದಕ್ಕೆ ಒತ್ತಾಸೆ. ಉಳಿದ ಚೂರುಪಾರೆಲ್ಲ ಸುತೇಇಶಿ. ಗಿಡ ಮುಚ್ಚಿಕೊಂಡು ಹೋದರೂ ಪರವಾಗಿಲ್ಲ ಅನ್ನುವಂಥವು. ಹೆಸರು ನೆನಪಿಡಬೇಕಿಲ್ಲ. ಯಾರು ಯಜಮಾನ ಅನ್ನೋದು ನೋಡಿದ ಕೂಡಲೇ ಗೊತ್ತಾಗಬೇಕು, ಅಷ್ಟೇ.

ನಿಮ್ಮ 36 ಸೆಂ.ಮೀ. ಎತ್ತರಕ್ಕೆ ದೊಡ್ಡ ಕಲ್ಲಿನ ತುದಿ ತಳದಿಂದ ಸುಮಾರು 24 ಸೆಂ.ಮೀ. ಮುಟ್ಟಿದರೆ ಚೆಂದ. ನಟ್ಟನಡುವೆ ಮಾತ್ರ ಇಡಬೇಡಿ. ಒಂದು ಬದಿಯಿಂದ 23 ಸೆಂ.ಮೀ. ಆಸುಪಾಸು ಇಡಿ. ಸ್ವಲ್ಪ ಓರೆಯಾಗಿರಲಿ, ನೀರಿನ ಹರಿವಿಗೆ ವಾಲಿದ ಹಾಗೆ. ಕಲ್ಲಿನ ಮೂರನೇ ಒಂದು ಭಾಗವಾದರೂ ಮಣ್ಣಿನಲ್ಲಿ ಹೂತಿರಲಿ. ಇಲ್ಲದಿದ್ದರೆ ಯಾರೋ ತಂದು ಇಟ್ಟು ಹೋದ ಹಾಗೆ ಕಾಣುತ್ತೆ.

ಇನ್ನೊಂದು. ಎಲ್ಲ ಕಲ್ಲೂ ಒಂದೇ ಜಾತಿಯದಾಗಿರಲಿ, ಗೆರೆಗಳೆಲ್ಲ ಒಂದೇ ಕಡೆ ಓಡಲಿ. ಒಂದರ ಗೆರೆ ಅಡ್ಡ, ಇನ್ನೊಂದರದು ಉದ್ದ ಆದರೆ ಕಣ್ಣಿಗೆ ಕಿರಿಕಿರಿ. ಕಾರಣ ಗೊತ್ತಾಗದಿದ್ದರೂ ಕಿರಿಕಿರಿ ಗೊತ್ತಾಗುತ್ತೆ.

ಪಾಚಿವೈರಿ

ಯಾವ ಕಲ್ಲು ಅನ್ನೋದನ್ನೂ ಹೇಳಿ ಸರ್. ಸೇರ್ಯು ತಗೊಂಡರೆ ಅದರಲ್ಲಿ ಸುಣ್ಣದ ಅಂಶ ಇರುತ್ತೆ, ನೀರಿನ ಗಡಸುತನ ಏರಿಸುತ್ತೆ. ಡ್ರ್ಯಾಗನ್ ಸ್ಟೋನ್, ಲಾವಾ ಕಲ್ಲು ಇವು ನೀರಿಗೆ ಏನೂ ಮಾಡಲ್ಲ.

ಹೊರಗಿಂದ ಆರಿಸಿ ತಂದ ಕಲ್ಲಾದರೆ ಒಣಗಿದ ಕಲ್ಲಿನ ಮೇಲೆ ವಿನೆಗರ್ ಹನಿಸಿ ನೋಡಿ. ನೊರೆ ಬಂದರೆ ಸುಣ್ಣ ಇದೆ. ಬರದಿದ್ದರೆ "ಇಲ್ಲ" ಅಂತ ತೀರ್ಮಾನ ಮಾಡಬೇಡಿ, ವಿನೆಗರ್ ಬಲ ಸಾಲದು. ನಾನು ಟಾಯ್ಲೆಟ್ ತೊಳೆಯುವ ಆಸಿಡ್ ಒಂದು ಹನಿ ಹಾಕಿ ನೋಡ್ತೇನೆ. ಗ್ಲೌಸ್, ಕನ್ನಡಕ ಹಾಕಿಕೊಂಡು, ಹೊರಗೆ ಗಾಳಿಯಲ್ಲಿ. ಆಮೇಲೆ ಆ ಕಲ್ಲನ್ನು ಚೆನ್ನಾಗಿ ತೊಳೆಯಬೇಕು. ತುಕ್ಕಿನ ಕಲೆ, ಲೋಹದ ಹೊಳಪು ಇರುವ ಕಲ್ಲು ಬೇಡವೇ ಬೇಡ.

ಕಲ್ಲಿನಮನೆ

ಸೇರ್ಯು ಹಾಕಿದರೆ ಗಿಡ ಬರಲ್ಲ ಅಂತೇನಿಲ್ಲ. ಕಾರ್ಪೆಟ್ ಗಿಡಗಳಲ್ಲಿ ಬಹುಪಾಲು ಸ್ವಲ್ಪ ಗಡಸು ನೀರನ್ನೂ ತಾಳುತ್ತವೆ. ಸಿಒ2 ಹಾಕಿದಾಗ ನೀರು ಆಮ್ಲೀಯವಾಗಿ ಕಲ್ಲು ಇನ್ನಷ್ಟು ಕರಗುತ್ತೆ, ಅದು ನಿಜ. ವಾರಕ್ಕೊಮ್ಮೆ ಅರ್ಧ ನೀರು ಬದಲಿಸುವವರಿಗೆ ಅದು ಏರಿಕೊಂಡು ಹೋಗಲ್ಲ. ಮೆದು ನೀರೇ ಬೇಕು ಅನ್ನುವ ಮೀನು ಸಾಕುವವರು ಡ್ರ್ಯಾಗನ್ ಸ್ಟೋನ್ ಆರಿಸಿಕೊಳ್ಳಲಿ. ಅದರ ತೂತುಗಳಲ್ಲಿ ಜೇಡಿಮಣ್ಣು ತುಂಬಿರುತ್ತೆ. ಹಳೇ ಟೂತ್‌ಬ್ರಶ್, ಕಡ್ಡಿ ಹಿಡಿದು ಅರ್ಧ ದಿನ ಕೂರಬೇಕು.

ನನಗೆ ಸೇರ್ಯುವಿನ ಬೂದು ಮೈ, ಬಿಳಿ ಗೆರೆ ಇಷ್ಟ. ಹಸಿರಿನ ಪಕ್ಕ ಅದಕ್ಕೆ ಸಮ ಇಲ್ಲ.

ಸೀಗಡಿಪ್ರಿಯ

ಯಾರೂ ಕೋರಿಡೋರಸ್ ಬಗ್ಗೆ ಮಾತಾಡಲೇ ಇಲ್ಲ. ಮೂತಿ ಮಣ್ಣಿಗೆ ಹೂತು ಊಟ ಹುಡುಕೋದೇ ಅವುಗಳ ಬದುಕು. ಹೊಸದಾಗಿ ನೆಟ್ಟ ಕಾರ್ಪೆಟ್ ಇಡೀ ರಾತ್ರಿ ಕಿತ್ತು ಬೆಳಿಗ್ಗೆ ತೇಲಿಸಿಬಿಡುತ್ತವೆ. ಬೇರು ಹಿಡಿದ ಮೇಲೆ ಕೀಳಲಾರವು. ಆದರೆ ಪೂರ್ತಿ ಕಾರ್ಪೆಟ್ ಆದ ಟ್ಯಾಂಕಿನಲ್ಲಿ ಅವಕ್ಕೆ ಕೆದಕಲು ಜಾಗವೇ ಇರಲ್ಲ. ಅದು ಅವಕ್ಕೆ ಶಿಕ್ಷೆ. ಹತ್ತು ವರ್ಷಕ್ಕೂ ಮೇಲೆ ಬದುಕಬಲ್ಲ ಮೀನು. ಮರಳು ಇರುವ ಇನ್ನೊಂದು ಟ್ಯಾಂಕ್ ಇದ್ದರೆ ಅಲ್ಲಿಗೆ ಕಳಿಸಿ.

ಎಂಬರ್ ಟೆಟ್ರಾ ಮಾತ್ರ ಇರಲಿ. ಚಿಕ್ಕ ಮೀನು, ಗುಂಪಿನಲ್ಲಿ ಓಡಾಡಿದರೆ ಕಲ್ಲು ಬೆಟ್ಟದ ಹಾಗೆ ಕಾಣುತ್ತೆ. ಹೊಸ ಜಾತಿ ತರೋ ಬದಲು ಅದನ್ನೇ ಹದಿನೈದು ಮಾಡಿ.

ಹಸಿರುಗಾಜು

ಮೇಡಂ, ಕೋರಿಗಳಿಗೆ ಇನ್ನೊಂದು ಟ್ಯಾಂಕ್ ಇದೆ, ಮರಳೂ ಇದೆ. ಅವು ಕೊರಡಿನ ಜೊತೆ ಅಲ್ಲಿಗೆ.

ಸೇರ್ಯು ತಂದೆ. ಟ್ಯಾಂಕಿನ ತಳದಷ್ಟೇ ಅಗಲದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಮರಳು ತುಂಬಿ, ಅದರಲ್ಲಿ ಜೋಡಿಸಿ ನೋಡ್ತಿದ್ದೇನೆ. ದೊಡ್ಡ ಕಲ್ಲಿಗೆ ಒಂದು ಕಡೆ ನಯವಾದ ಮುಖ, ಇನ್ನೊಂದು ಕಡೆ ಆಳವಾದ ಸೀಳು. ಸೀಳಿನೊಳಗೆ ಬಿಳಿ ಗೆರೆ ಕೆಳಗಿಂದ ಮೇಲಕ್ಕೆ ಓರೆಯಾಗಿ ಹೋಗಿದೆ. ಸದ್ಯ ಒಟ್ಟು ಆರು ಕಲ್ಲು. ದೊಡ್ಡದು ಎಡಕ್ಕೆ, ಎರಡನೆಯದು ಬಲ ತುದಿಗೆ, ಉಳಿದವು ನಡುವೆ ಸಾಲಾಗಿ. ಏನೋ ಸರಿ ಇಲ್ಲ, ಏನು ಅಂತ ಗೊತ್ತಾಗ್ತಿಲ್ಲ.

ಕಲ್ಲಿನಮನೆ

ಸಾಲಾಗಿ ಅಂದಿರಲ್ಲ, ಅದೇ. ಮೇಲಿಂದ ನೋಡಿ. ಆರೂ ಒಂದೇ ಗೆರೆಯಲ್ಲಿ ಇವೆ ಅಂತ ಕಾಣುತ್ತೆ. ಹಲ್ಲಿನ ಸಾಲಿನ ಹಾಗೆ ಆಗಿರುತ್ತೆ. ಒಂದನ್ನು ಮುಂದಕ್ಕೆ ತನ್ನಿ, ಒಂದನ್ನು ಹಿಂದಕ್ಕೆ ತಳ್ಳಿ. ದೊಡ್ಡದು ಗಾಜಿಗೆ ಅಂಟಿಕೊಂಡಿರಬಾರದು, ಹಿಂದೆ ಕತ್ತರಿ, ಬ್ರಶ್ ಹೋಗುವಷ್ಟು ಜಾಗ ಬಿಡಿ. ಗಾಜು ಒರೆಸುವಾಗ ನನ್ನ ನೆನಪಾಗುತ್ತೆ.

ಸೀಳಿನ ಮುಖ ಮುಂದಕ್ಕೆ ತಿರುಗಿಸಿ. ನಯವಾದ ಮುಖ ಬೇಗ ಬೇಜಾರಾಗುತ್ತೆ. ಸೀಳಿನಲ್ಲಿ ನೆರಳು ಕೂರುತ್ತೆ, ಬೆಳಕು ಬದಲಾದಾಗ ಅದೂ ಬದಲಾಗುತ್ತೆ.

ಆಮೇಲೆ, ಆರರಲ್ಲಿ ಒಂದು ತೆಗೆಯಿರಿ. ಕಲ್ಲು ಬೆಸ ಸಂಖ್ಯೆಯಲ್ಲೇ ಇರಬೇಕು ಅನ್ನೋ ನಿಯಮಕ್ಕಲ್ಲ. ನಡುವೆ ಬಲಕ್ಕೆ ಖಾಲಿ ಜಾಗ ಬೇಕು. ಈ ಶೈಲಿಯಲ್ಲಿ ಮೀನು ಈಜೋದು ಅಲ್ಲೇ, ಕಣ್ಣು ಕೂರೋದೂ ಅಲ್ಲೇ. ಕಲ್ಲಿಗೆ ದುಡ್ಡು ಕೊಟ್ಟಿದ್ದೀವಿ ಅಂತ ಎಲ್ಲ ತುಂಬಿಸೋದು ಎಲ್ಲರ ಚಾಳಿ.

ಹಸಿರುಗಾಜು

ತಿರುಗಿಸಿದೆ, ಒಂದು ತೆಗೆದೆ. ಈಗ ನೋಡ್ತಾ ಕೂತುಬಿಟ್ಟಿದ್ದೇನೆ. ಮನೆಯವರು "ಪೆಟ್ಟಿಗೆಯಲ್ಲಿ ಮರಳು ನೋಡ್ಕೊಂಡು ಏನು ಮಾಡ್ತಿದ್ದೀರಿ" ಅಂತ ಕೇಳಿದರು.

ಹುಲ್ಲುಗಾವಲು

ಈಗ ಗಿಡದ ಮಾತಿಗೆ ಬರಬಹುದಾ? ಎಷ್ಟೊತ್ತಿಂದ ಕಾಯ್ತಿದ್ದೇನೆ.

ಎಲ್ಲರ ಕಣ್ಣೂ ಹೋಗೋದು ಹೆಮಿಯಾಂಥಸ್ ಕ್ಯೂಬಾ ಮೇಲೆ. ಎಲೆ ಒಂದೆರಡು ಮಿ.ಮೀ., ಹಾಗಾಗಿ ಕಲ್ಲು ಅಗಾಧವಾಗಿ ಕಾಣುತ್ತೆ. ಆದರೆ ಬೆಳಕೂ ಸಿಒ2ವೂ ಎರಡೂ ಚೆನ್ನಾಗಿರಬೇಕು. ಬೇರು ತುಂಬಾ ಮೇಲೆ ಮೇಲೆ, ಸ್ವಲ್ಪ ಏರುಪೇರಾದರೆ ಹಾಳೆ ಎದ್ದ ಹಾಗೆ ಎದ್ದು ತೇಲುತ್ತೆ. ಮೊದಲ ಸಲಕ್ಕೆ ಬೇಡ.

ಮಾಂಟೆ ಕಾರ್ಲೊ ತಗೊಳ್ಳಿ. ಎಲೆ ಸ್ವಲ್ಪ ದೊಡ್ಡದು, ದುಂಡಗೆ, ತಿಳಿ ಹಸಿರು. ಬೇರು ಗಟ್ಟಿಯಾಗಿ ಹಿಡಿಯುತ್ತೆ, ಕಲ್ಲಿನ ಬುಡ ಹತ್ತಿ ಇಳಿಯುತ್ತೆ. ಕ್ಯೂಬಾ ಮಾಡುವ ಕೆಲಸದಲ್ಲಿ ಮುಕ್ಕಾಲು ಭಾಗ ಇದು ಅರ್ಧ ರಗಳೆಯಲ್ಲಿ ಮಾಡುತ್ತೆ.

ಹೇರ್‌ಗ್ರಾಸ್ ಬೇರೆಯೇ ನೋಟ. ಹುಲ್ಲು. ಮಣ್ಣಿನೊಳಗೆ ಕುಡಿ ಓಡಿಸಿ ಹಬ್ಬುತ್ತೆ, ನೀರಿನ ಹರಿವಿಗೆ ತೂಗುತ್ತೆ. ಗಲೀಜು ಸಿಕ್ಕಿಕೊಂಡರೆ ತೆಗೆಯೋದು ಕಷ್ಟ. ಗ್ಲಾಸೊಸ್ಟಿಗ್ಮಾ ಬೆಳಕು ಕಡಿಮೆಯಾದರೆ ಹಾಸಾಗುವ ಬದಲು ಮೇಲಕ್ಕೆ ಎದ್ದು ನಿಲ್ಲುತ್ತೆ. ಯುಟ್ರಿಕ್ಯುಲೇರಿಯಾ ಗ್ರಾಮಿನಿಫೋಲಿಯಾ ಅಂತ ಒಂದಿದೆ, ಹುಲ್ಲಿನ ಹಾಗೇ ಕಾಣುತ್ತೆ, ನಿಜಕ್ಕೂ ಕೀಟಾಹಾರಿ. ಬೇರೂ ಇಲ್ಲ ಅದಕ್ಕೆ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಚೀಲದಲ್ಲಿ ಹಿಡಿಯುತ್ತೆ. ಆಸೆಪಡೋಣ, ದೂರದಿಂದ.

ನನ್ನ ಮತ: ಮುಂದೆ, ಕಲ್ಲಿನ ಸುತ್ತ ಮಾಂಟೆ ಕಾರ್ಲೊ. ದೊಡ್ಡ ಕಲ್ಲಿನ ಹಿಂದೆ ಮಾತ್ರ ಒಂದಿಷ್ಟು ಹೇರ್‌ಗ್ರಾಸ್. ಮೂರನೇ ಗಿಡ ಬೇಡ.

ನಿಧಾನವೇಪ್ರಧಾನ

ಸಿಒ2 ಬೇಡ ಅನ್ನುವವರಿಗೂ ಒಂದು ಗಿಡ ಇದೆ, ಅದನ್ನೂ ಬರೆಯಿರಿ. ಮಾರ್ಸಿಲಿಯಾ ಹಿರ್ಸುಟಾ. ಇದು ಜರೀಗಿಡದ ಜಾತಿ. ನೀರಿನ ಹೊರಗೆ ನಾಲ್ಕು ದಳದ ಎಲೆ, ನೀರೊಳಗೆ ಹೆಚ್ಚಾಗಿ ಒಂದೇ ದುಂಡನೆ ಎಲೆ. ಸಾಧಾರಣ ಬೆಳಕಿಗೆ ಸಾಕು. ಹಬ್ಬಲು ತಿಂಗಳುಗಟ್ಟಲೆ ತಗೊಳ್ಳುತ್ತೆ, ಆದರೆ ಹಬ್ಬಿದ ಮೇಲೆ ತಿಂಗಳುಗಟ್ಟಲೆ ಕತ್ತರಿ ಕೇಳಲ್ಲ. ನನ್ನ ಹತ್ತಿರ ಇರೋದು ಅದೇ.

ಮಾಂಟೆ ಕಾರ್ಲೊ ಸಿಒ2 ಇಲ್ಲದೆ ಬದುಕುತ್ತೆ ಅಂತಾರೆ. ಬದುಕುತ್ತೆ, ನಿಜ. ತೆಳ್ಳಗೆ, ಉದ್ದುದ್ದ. ಫೋಟೋ ತೋರಿಸಿ ಆಸೆ ಹುಟ್ಟಿಸಿದ ಕಾರ್ಪೆಟ್ ಅದಲ್ಲ.

ಪಾಚಿವೈರಿ

ಇಲ್ಲಿ ನಾನು ನಿಧಾನವೇ ಅವರ ಪರ. ಮಾಂಟೆ ಕಾರ್ಲೊ ದಟ್ಟವಾಗಿ ಬೇಕು ಅಂದರೆ ಸಿಒ2 ಹಾಕಿ, ಹಾಕಲ್ಲ ಅಂದರೆ ಮಾರ್ಸಿಲಿಯಾ. ಎರಡರ ನಡುವೆ ನಿಂತು "ದೀಪ ಜಾಸ್ತಿ ಮಾಡಿದರೆ ಆಗಬಹುದು" ಅನ್ನೋರ ಟ್ಯಾಂಕ್‌ಗಳೇ ಪಾಚಿಯಿಂದ ತುಂಬಿರೋದು. ಬೆಳಕು ಹೆಚ್ಚಾದಂತೆ ಗಿಡ ಕೇಳುವ ಸಿಒ2ವೂ ಹೆಚ್ಚುತ್ತೆ. ಅದು ಸಿಗದಿದ್ದರೆ ಗಿಡ ನಿಲ್ಲುತ್ತೆ, ಪಾಚಿ ನಿಲ್ಲಲ್ಲ.

ನೀರಲ್ಲಿ ಸಿಒ2 ಗುರಿ 30 ಪಿಪಿಎಂ (ಲೀಟರಿಗೆ 30 ಮಿ.ಗ್ರಾಂ.) ಸುತ್ತಮುತ್ತ. ಅದನ್ನು ಬಣ್ಣದಲ್ಲಿ ತೋರಿಸುವ ಸಣ್ಣ ಸಾಧನ ಡ್ರಾಪ್ ಚೆಕರ್. ಡ್ರಾಪ್ ಚೆಕರ್‌ನಲ್ಲಿ 4 ಡಿಗ್ರಿ ಕೆಎಚ್ (ಕಾರ್ಬೊನೇಟ್ ಗಡಸುತನ) ದ್ರಾವಣ ಹಾಕಿ. ನೀಲಿ ಇದ್ದರೆ ಕಡಿಮೆ, ತಿಳಿ ಹಸಿರಾದರೆ ಸರಿ, ಹಳದಿಯಾದರೆ ಮೀನಿಗೆ ಅಪಾಯ. ಅದು ತೋರಿಸೋದು ಒಂದೆರಡು ಗಂಟೆ ಹಿಂದಿನ ಸ್ಥಿತಿ, ಅದು ನೆನಪಿರಲಿ. ಪಿಎಚ್ ಅಳೆಯುವವರಿಗೆ ಇನ್ನೊಂದು ದಾರಿ. ಒಂದು ಲೋಟ ಟ್ಯಾಂಕ್ ನೀರನ್ನು ಒಂದು ದಿನ ಹಾಗೇ ಇಟ್ಟು ಅದರ ಪಿಎಚ್ ನೋಡಿ. ಸಿಒ2 ಓಡುವಾಗ ಟ್ಯಾಂಕಿನಲ್ಲಿ ಅದಕ್ಕಿಂತ ಒಂದು ಅಂಕಿ ಇಳಿದಿದ್ದರೆ ಸಿಒ2 ಹತ್ತು ಪಟ್ಟಾಗಿದೆ ಅಂತ ಅರ್ಥ. ಸಾಮಾನ್ಯವಾಗಿ ಸಾಕು.

ದೀಪ ಹತ್ತುವ ಒಂದೆರಡು ಗಂಟೆ ಮೊದಲೇ ಗ್ಯಾಸ್ ಶುರು ಆಗಲಿ, ಆರುವ ಒಂದು ಗಂಟೆ ಮೊದಲು ನಿಲ್ಲಲಿ. ಟೈಮರ್‌ಗೆ ಬಿಡಿ, ಕೈಯಲ್ಲಿ ಬೇಡ.

ಸೀಗಡಿಪ್ರಿಯ

ಗ್ಯಾಸ್ ಹೊಂದಿಸುವ ದಿನ ಮನೆಯಲ್ಲೇ ಇರಿ. ಗುಳ್ಳೆ ಏರಿಸಿ ಕೆಲಸಕ್ಕೆ ಹೋಗಬೇಡಿ. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದರೆ ತಕ್ಷಣ ಗ್ಯಾಸ್ ನಿಲ್ಲಿಸಿ ಏರ್ ಪಂಪ್ ಹಾಕಿ. ಮೀನು ಇಲ್ಲದಿರುವ ಮೊದಲ ವಾರಗಳಲ್ಲೇ ಇದನ್ನೆಲ್ಲ ಹೊಂದಿಸಿಕೊಂಡುಬಿಡಿ, ಆಮೇಲೆ ಧೈರ್ಯ ಇರುತ್ತೆ.

ಹಸಿರುಗಾಜು

ಸಿಒ2 ಹಾಕೋದು ಅಂತ ತೀರ್ಮಾನ ಆಯ್ತು. ಮಾಂಟೆ ಕಾರ್ಲೊ ಟಿಶ್ಯೂ ಕಲ್ಚರ್ ಕಪ್ (ಲ್ಯಾಬಿನಲ್ಲಿ ಜೆಲ್ ಮೇಲೆ ಬೆಳೆಸಿದ ಗಿಡ) ತರಿಸ್ತೇನೆ.

ಇನ್ನೊಂದು ಪ್ರಶ್ನೆ. ನೀರು ತುಂಬದೆ, ಒದ್ದೆ ಮಣ್ಣಲ್ಲಿ ನೆಟ್ಟು ಪ್ಲಾಸ್ಟಿಕ್ ಮುಚ್ಚಿ ಬೆಳೆಸೋ ಡ್ರೈ ಸ್ಟಾರ್ಟ್ ಮಾಡಲಾ? ಕೆಲವರು ಹೊಗಳ್ತಾರೆ, ಕೆಲವರು ಬೈತಾರೆ.

ಹುಲ್ಲುಗಾವಲು

ನಾನು ಹೊಗಳುವವರ ಗುಂಪು. ನೀರಿಲ್ಲದಾಗ ಗಿಡಕ್ಕೆ ಗಾಳಿಯ ಸಿಒ2 ಸಾಕಷ್ಟು ಸಿಗುತ್ತೆ, ಪಾಚಿ ಕಾಟ ಇಲ್ಲ, ಬೇರು ಹಿಡಿದ ಮೇಲೆ ನೀರು ತುಂಬಿದರೆ ಒಂದು ಗಿಡವೂ ತೇಲಲ್ಲ. ಮಣ್ಣು ಒದ್ದೆ ಇರಬೇಕು, ನೀರು ನಿಲ್ಲಬಾರದು. ದಿನಕ್ಕೊಮ್ಮೆ ಐದು ನಿಮಿಷ ಪ್ಲಾಸ್ಟಿಕ್ ತೆಗೆದು ಗಾಳಿ ಆಡಿಸಬೇಕು, ಇಲ್ಲದಿದ್ದರೆ ಬೂಸ್ಟು ಬರುತ್ತೆ. ಒಂದೂವರೆ–ಎರಡು ತಿಂಗಳು.

ಪಾಚಿವೈರಿ

ನಾನು ಬೈಯುವವರ ಗುಂಪು 😄 ಎರಡು ತಿಂಗಳು ನೀರಿನ ಹೊರಗಿನ ಎಲೆ ಬೆಳೆಸ್ತೀರಿ. ನೀರು ತುಂಬಿದ ಮೇಲೆ ಗಿಡ ಆ ಎಲೆ ಬಿಟ್ಟು ನೀರೊಳಗಿನ ಎಲೆ ಕಟ್ಟಿಕೊಳ್ಳಬೇಕು. ಆಗ ದಟ್ಟವಾದ ಹಾಸೇ ಒಟ್ಟಿಗೆ ಕರಗೋಕೆ ಶುರುವಾದರೆ ಮೀನಿಗೆ ವಿಷವಾದ ಅಮೋನಿಯಾ ಎಷ್ಟು ಬರಬಹುದು ಯೋಚಿಸಿ. ಸಿಒ2 ಮೊದಲ ದಿನದಿಂದ ಸರಿ ಇದ್ದರೆ ಅಷ್ಟೊಂದು ಕರಗಲ್ಲ, ಒಪ್ಪುತ್ತೇನೆ. ಆದರೆ ಸಿಒ2 ಸರಿ ಇದ್ದರೆ ನೇರವಾಗಿ ನೀರಲ್ಲೇ ಬೆಳೆಸಬಹುದಲ್ಲ?

ಹಸಿರುಗಾಜು ಅವರಿಗೆ ಇನ್ನೊಂದು ವಿಷಯ. ನಿಮ್ಮ ಫಿಲ್ಟರ್ ಈಗ ಜೀವಂತ ಇದೆ. ಎರಡು ತಿಂಗಳು ಒಣಗಿಸಿಟ್ಟರೆ ಅಮೋನಿಯಾ ತಿನ್ನುವ ಅದರ ಬ್ಯಾಕ್ಟೀರಿಯಾ ಸತ್ತುಹೋಗುತ್ತೆ. ಅದಕ್ಕೋಸ್ಕರವಾದರೂ ನೇರ ನೀರು ತುಂಬಿ.

ಹುಲ್ಲುಗಾವಲು

ಫಿಲ್ಟರ್ ಮಾತು ಸರಿ. ಈ ಟ್ಯಾಂಕಿಗೆ ನಾನೂ ನೀರು ತುಂಬಿ ಅಂತಲೇ ಹೇಳ್ತೇನೆ. ಹೊಸದಾಗಿ ಶುರು ಮಾಡುವವರು ಮಾತ್ರ ನನ್ನ ಮಾತು ಕೇಳಿ.

ಕಲ್ಲಿನಮನೆ

ಬಿಚ್ಚುವ ದಿನದ ಕ್ರಮ ಹೇಳಿಬಿಡ್ತೇನೆ, ಗಡಿಬಿಡಿ ಆಗೋದು ಅಲ್ಲೇ. ಮೊದಲು ಸ್ವಚ್ಛ ನೀರನ್ನು ಮೇಲಿಂದ ಬಕೆಟ್ಟಿಗೆ ತುಂಬಿಕೊಳ್ಳಿ. ಹಳೇ ಜಲ್ಲಿ ಕೆದಕಿದ ಮೇಲೆ ಆ ನೀರು ಸಿಗಲ್ಲ. ಮೀನು ಹಿಡಿಯಿರಿ, ಇನ್ನೊಂದು ಟ್ಯಾಂಕಿಗೆ ಬಿಡಿ. ಆಮೇಲಷ್ಟೇ ಗಿಡ ಕೀಳಿ. ಕ್ರಿಪ್ಟೊಕೊರಿನ್ ಬೇರಿನ ಜೊತೆ ಕಪ್ಪು ಗಲೀಜು, ಕೊಳೆತ ಮೊಟ್ಟೆಯ ವಾಸನೆ ಎಲ್ಲ ಬರುತ್ತೆ, ಮೀನು ಒಳಗಿದ್ದಾಗ ಅದು ಬೇಡ. ಫಿಲ್ಟರ್‌ನ ಮೀಡಿಯಾ (ಬ್ಯಾಕ್ಟೀರಿಯಾ ಕೂತಿರುವ ಒಳಗಿನ ಸಾಮಗ್ರಿ) ಹಳೇ ಟ್ಯಾಂಕ್ ನೀರಲ್ಲೇ ಮುಳುಗಿರಲಿ. ನಲ್ಲಿ ಕೆಳಗೆ ತೊಳೆಯಬೇಡಿ. ಆದರೆ ಫಿಲ್ಟರನ್ನೇ ಇನ್ನೊಂದು ಟ್ಯಾಂಕಿಗೆ ಸಿಕ್ಕಿಸಿ ಓಡಿಸಿದರೆ ಎಲ್ಲಕ್ಕಿಂತ ಉತ್ತಮ.

ತಳದ ಗಾಜಿನ ಮೇಲೆ ದೊಡ್ಡ ಕಲ್ಲು ಬರುವ ಕಡೆ ತೆಳು ಫೋಮ್ ಶೀಟ್ ಅಥವಾ ದೀಪಕ್ಕೆ ಹಾಕುವ ಪ್ಲಾಸ್ಟಿಕ್ ಜಾಲರಿ ಹಾಸಿ. ಕಲ್ಲಿನ ಚೂಪು ತುದಿ ಗಾಜಿನ ಒಂದೇ ಬಿಂದುವಿನ ಮೇಲೆ ಕೂರಬಾರದು. ಮಣ್ಣು ಹಾಕಿ ಅದರ ಮೇಲೆ ಕಲ್ಲು ಇಟ್ಟರೆ ಕ್ರಮೇಣ ಕುಸಿದು ವಾಲುತ್ತೆ, ಕೆಳಗಿಂದ ಆಧಾರ ಕೊಟ್ಟು ಕೂರಿಸಿ.

ಮಣ್ಣಿನ ಲೆಕ್ಕ. ಮುಂದೆ 3 ಸೆಂ.ಮೀ., ಹಿಂದೆ 10 ಅಂದರೆ ಸರಾಸರಿ 6.5. 60 x 30 x 6.5, ಹನ್ನೊಂದೂವರೆ ಲೀಟರ್ ಚಿಲ್ಲರೆ. ಅಷ್ಟೂ ಆಕ್ವಾ ಸಾಯಿಲ್ (ಗಿಡದ ಟ್ಯಾಂಕಿಗೆ ಅಂತಲೇ ಸಿಗುವ ಉಂಡೆ ಮಣ್ಣು) ಹಾಕಬೇಕಿಲ್ಲ. ಹಿಂದೆ ಕೆಳಗಡೆ ಲಾವಾ ಚೂರು ತುಂಬಿದ ಬಲೆ ಚೀಲ ಇಟ್ಟು ಮೇಲೆ ಸಾಯಿಲ್ ಸುರಿಯಿರಿ. ಇಳಿಜಾರು ಜಾರಲ್ಲ, ಖರ್ಚೂ ಉಳಿಯುತ್ತೆ. ಸಾಯಿಲ್ ತೊಳೆಯಬೇಡಿ, ಉಂಡೆಗಳು ಒಡೆದು ಕೆಸರಾಗುತ್ತೆ.

ಪಾಚಿವೈರಿ

ಹೊಸ ಆಕ್ವಾ ಸಾಯಿಲ್ ಮೊದಲ ವಾರಗಳಲ್ಲಿ ಅಮೋನಿಯಾ ಬಿಡುತ್ತೆ. ಹಳೇ ಫಿಲ್ಟರ್ ಇದೆ ಅಂತ ಅವತ್ತೇ ಮೀನು ಬಿಡಬೇಡಿ. ಮೊದಲ ವಾರ ದಿನಾ ಅರ್ಧ ನೀರು ಬದಲಿಸಿ, ಎರಡನೇ ವಾರ ದಿನ ಬಿಟ್ಟು ದಿನ, ಆಮೇಲೆ ನಿಧಾನವಾಗಿ ವಾರಕ್ಕೊಮ್ಮೆಗೆ ತನ್ನಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು.

ದೀಪ ದಿನಕ್ಕೆ ಆರು ಗಂಟೆ ಮಾತ್ರ. ಪೂರ್ತಿ ಪ್ರಖರತೆ ಬೇಡ.

ಹಸಿರುಗಾಜು

ನೆಟ್ಟಾಯ್ತು!

ಕಪ್ಪಿನಿಂದ ತೆಗೆದ ಗಿಡವನ್ನು ನೀರಲ್ಲಿ ಅಲ್ಲಾಡಿಸಿ ಜೆಲ್ ಪೂರ್ತಿ ತೊಳೆದೆ. ಕತ್ತರಿಯಿಂದ ಉಗುರಿನಷ್ಟು ಚೂರು ಮಾಡಿದೆ. ಮಣ್ಣು ಒದ್ದೆ ಮಾಡಿ, ಟ್ಯಾಂಕ್ ಖಾಲಿ ಇರುವಾಗಲೇ ನೆಟ್ಟೆ. ಟ್ವೀಜರ್‌ನಲ್ಲಿ ಬೇರಿನ ಕಡೆ ಹಿಡಿದು, ಓರೆಯಾಗಿ ಮಣ್ಣಿಗೆ ಇಳಿಸಿ, ಒಳಗೇ ಟ್ವೀಜರ್ ಸ್ವಲ್ಪ ಸಡಿಲಿಸಿ, ಅಲ್ಲಾಡಿಸ್ತಾ ಹೊರಗೆಳೆದರೆ ಗಿಡ ಅಲ್ಲೇ ನಿಲ್ಲುತ್ತೆ. ನೇರ ಎಳೆದರೆ ಟ್ವೀಜರ್ ಜೊತೆಗೇ ವಾಪಸ್. ಎರಡೆರಡು ಎಲೆ ಮಾತ್ರ ಹೊರಗೆ ಕಾಣುವಷ್ಟು ಆಳ, ಒಂದೊಂದರ ನಡುವೆ ಎರಡು ಸೆಂ.ಮೀ. ಬೆನ್ನು ಹಿಡಿದುಕೊಂಡಿದೆ, ಅದು ಬೇರೆ ಮಾತು. ನಡುನಡುವೆ ಸ್ಪ್ರೇ ಹೊಡೀತಾ ಇದ್ದೆ, ಎಲೆ ಒಣಗದ ಹಾಗೆ.

ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ತೆಳುವಾಗಿ ನೀರು ಬಿಟ್ಟೆ. ಒಂದೆರಡು ಚೂರು ತೇಲಿದ್ದು ಬಿಟ್ಟರೆ ಇಳಿಜಾರು ಹಾಗೇ ಇದೆ.

ನಿಧಾನವೇಪ್ರಧಾನ

ಫೋಟೋ ನೋಡಿದೆ. ನಾನು ಬೇಡ ಅಂದಿದ್ದೆ, ಆದರೂ ಹೇಳ್ತೇನೆ, ಕಲ್ಲು ಕೂರಿಸಿರೋದು ಬಹಳ ಚೆನ್ನಾಗಿದೆ. ಆ ಸೀಳು!

ಹಸಿರುಗಾಜು

ಕೆಲವು ವಾರ ಕಳೆದಿದೆ. ಎರಡು ಸಮಸ್ಯೆ. ಬಲಗಡೆ ಮೂಲೆಯ ಮಾಂಟೆ ಕಾರ್ಲೊ ಎಲೆಗಳು ಪಾರದರ್ಶಕವಾಗಿ ಕರಗ್ತಿವೆ, ಎಡಗಡೆ ಚೆನ್ನಾಗಿವೆ. ಮತ್ತೆ ಕಲ್ಲಿನ ಮೇಲೆ, ಗಾಜಿನ ಮೇಲೆ ಕಂದು ಬಣ್ಣದ ಪುಡಿ. ಬೆರಳಲ್ಲಿ ಒರೆಸಿದರೆ ಬರುತ್ತೆ. ಡ್ರಾಪ್ ಚೆಕರ್ ತಿಳಿ ಹಸಿರು.

ಪಾಚಿವೈರಿ

ಕಂದು ಪುಡಿ ಡಯಾಟಮ್, ಅಂದರೆ ಕಂದು ಪಾಚಿ. ಹೊಸ ಟ್ಯಾಂಕಿಗೆ ಬರೋದೇ. ಗಾಬರಿ ಬೇಡ, ಔಷಧಿ ಬೇಡ. ಬ್ರಶ್ ಹಾಕಿ, ನೀರು ಬದಲಿಸಿ. ತಾನಾಗೇ ಹೋಗುತ್ತೆ.

ಒಂದೇ ಮೂಲೆ ಕರಗ್ತಿದೆ ಅಂದರೆ ಅದು ಗೊಬ್ಬರದ ಪ್ರಶ್ನೆ ಅಲ್ಲ, ನೀರು ಓಡಾಡುವ ಪ್ರಶ್ನೆ. ಡ್ರಾಪ್ ಚೆಕರ್ ಎಲ್ಲಿ ಅಂಟಿಸಿದ್ದೀರಿ? ಫಿಲ್ಟರ್ ನೀರು ಬೀಳುವ ಕಡೆಯೇ ಅಂಟಿಸಿದ್ದೀರಿ ಅಂತ ನನ್ನ ಊಹೆ.

ಹಸಿರುಗಾಜು

ಎಡಗಡೆ, ಹೌದು. ಫಿಲ್ಟರ್ ಪೈಪೂ ಎಡಗಡೆಯೇ. ದೊಡ್ಡ ಕಲ್ಲು ಅದಕ್ಕೆ ಎದುರೇ ನಿಂತಿದೆ.

ಪಾಚಿವೈರಿ

ಅಲ್ಲೇ ಇದೆ ನೋಡಿ ಉತ್ತರ. ಹರಿವು ಕಲ್ಲಿಗೆ ಹೊಡೆದು ವಾಪಸ್ ಬರ್ತಿದೆ, ಬಲಮೂಲೆಗೆ ಸಿಒ2 ಹೋಗ್ತಿಲ್ಲ. ಪೈಪ್ ಮುಂದಿನ ಗಾಜಿನ ಕಡೆ ತಿರುಗಿಸಿ. ನೀರು ಮುಂದಿನ ಗಾಜಿನುದ್ದಕ್ಕೂ ಹೋಗಿ, ಬಲಗೋಡೆಗೆ ತಾಗಿ, ಕೆಳಗಿಳಿದು ಕಾರ್ಪೆಟ್ ಮೇಲೆ ವಾಪಸ್ ಬರಲಿ. ಚೆಕರ್ ಬಲಮೂಲೆಗೆ, ತಳದ ಹತ್ತಿರ ಅಂಟಿಸಿ. ಅಲ್ಲಿ ಹಸಿರಾದರೆ ಎಲ್ಲ ಕಡೆ ಹಸಿರು.

ಕಲ್ಲಿನಮನೆ

ಕಲ್ಲು ಕದಲಿಸಿ ಅನ್ನದೇ ಪೈಪ್ ತಿರುಗಿಸಿ ಅಂದಿದ್ದಕ್ಕೆ ಧನ್ಯವಾದ 🙏

ಹಸಿರುಗಾಜು

ಪೈಪ್ ತಿರುಗಿಸಿದೆ, ಚೆಕರ್ ಬಲಕ್ಕೆ ಹಾಕಿದೆ. ಮೊದಲ ದಿನ ಅಲ್ಲಿ ಕಡು ನೀಲಿ! ನೀವು ಹೇಳಿದ್ದೇ ಸರಿ. ಈಗ ಹಸಿರಿಗೆ ಬಂದಿದೆ. ಕರಗಿದ ಎಲೆ ಪೈಪಿನಲ್ಲಿ ಎಳೆದು ತೆಗೆದೆ. ಬುಡದಲ್ಲಿ ಸಾಸಿವೆಗಿಂತ ಸಣ್ಣ ಹೊಸ ಎಲೆ ಕಾಣ್ತಿದೆ, ಹಳೆಯದಕ್ಕಿಂತ ತಿಳಿ ಹಸಿರು. ಸಂಜೆ ದೀಪ ಆರುವ ಹೊತ್ತಿಗೆ ಎಡಗಡೆ ಎಲೆಗಳ ತುದಿಯಲ್ಲಿ ಸಣ್ಣ ಗುಳ್ಳೆ ಸಾಲು ಕೂತಿರುತ್ತೆ, ಒಂದೊಂದೇ ಬಿಟ್ಟು ಮೇಲಕ್ಕೆ ಹೋಗುತ್ತೆ.

ಸೀಗಡಿಪ್ರಿಯ

ಆಮ್ಲಜನಕ! ನೀರಲ್ಲಿ ಕರಗುವಷ್ಟು ಕರಗಿ, ಮಿಕ್ಕಿದ್ದು ಗುಳ್ಳೆಯಾಗುತ್ತೆ. ನೀರು ಬದಲಿಸಿದ ಕೂಡಲೇ ಎಲ್ಲ ಕಡೆ ಕಾಣುವ ಗುಳ್ಳೆ ಬೇರೆ, ಅದನ್ನು ಲೆಕ್ಕಕ್ಕೆ ತಗೋಬೇಡಿ.

ಅಮೋನಿಯಾ, ನೈಟ್ರೈಟ್ ಸೊನ್ನೆ ಆದ ಮೇಲೆ ಮೊದಲು ಅಮಾನೊ ಸೀಗಡಿ ಬಿಡಿ. ಹೌದು, ಅದೇ ಅಮಾನೊ ಅವರ ಹೆಸರೇ. ಪಾಚಿ ತಿನ್ನಲು ಅವರು ಬಳಸಿ ಪ್ರಸಿದ್ಧಿ ಮಾಡಿದ್ದು. ಐದಾರು ಸಾಕು. ಮರಿಗಳಿಗೆ ಉಪ್ಪುನೀರು ಬೇಕು, ಹಾಗಾಗಿ ಟ್ಯಾಂಕಿನಲ್ಲಿ ಸಂಖ್ಯೆ ಏರಲ್ಲ. ತಾಮ್ರ ಇರುವ ಔಷಧಿ ಈ ಟ್ಯಾಂಕಿಗೆ ಇನ್ನು ಹಾಕಲೇಬೇಡಿ. ಮೇಲೆ ಮುಚ್ಚಳ ಇದೆಯಾ? ಹೊಸದರಲ್ಲಿ ಪೈಪ್ ಹತ್ತಿ ಹೊರಗೆ ನಡೆದುಬಿಡುತ್ತವೆ.

ಹಸಿರುಗಾಜು

ಸೀಗಡಿ ಬಂದವು, ಒಂದು ವಾರ ಬಿಟ್ಟು ಎಂಬರ್‌ಗಳೂ ವಾಪಸ್ ಬಂದವು. ಮೊದಲು ಎಲ್ಲ ಕಲ್ಲಿನ ಹಿಂದೆ ಸೇರಿಕೊಂಡಿದ್ದವು. ಈಗ ಬಲಗಡೆಯ ಖಾಲಿ ಜಾಗದಲ್ಲೇ ಇರುತ್ತವೆ. ಕಾರ್ಪೆಟ್ ಮುಕ್ಕಾಲು ಭಾಗ ತುಂಬಿದೆ. ಎಡಗಡೆ ಒಂದರ ಮೇಲೊಂದು ಹತ್ತಿ ಮೂರು ಸೆಂ.ಮೀ. ದಪ್ಪ ಆಗಿದೆ. ಬಲಗಡೆ ಇನ್ನೂ ಮಣ್ಣು ಕಾಣುತ್ತೆ. ಬಲಗಡೆ ತುಂಬುವವರೆಗೂ ಕಾದು ಒಟ್ಟಿಗೆ ಕತ್ತರಿಸಲಾ?

ಹುಲ್ಲುಗಾವಲು

ಕಾಯಬೇಡಿ, ಎಡಗಡೆ ಇವತ್ತೇ ಕತ್ತರಿಸಿ. ದಪ್ಪ ಆದಷ್ಟೂ ಕೆಳಗಿನ ಪದರಕ್ಕೆ ಬೆಳಕು ಹೋಗಲ್ಲ. ಅದು ಹಳದಿಯಾಗಿ ಕೊಳೆತು ಬೇರು ಬಿಡುತ್ತೆ, ಒಂದು ದಿನ ಪೂರ್ತಿ ಹಾಸು ಮೇಲೆ ತೇಲುತ್ತಿರುತ್ತೆ. ಒಂದೂವರೆ ಸೆಂ.ಮೀ. ಉಳಿಸಿ ಮಿಕ್ಕಿದ್ದು ಕತ್ತರಿಸಿ. ಬಾಗಿದ ಕತ್ತರಿ ಇದ್ದರೆ ಸಲೀಸು. ಕತ್ತರಿಸಿದ ಮೇಲೆ ಕಂದು ಕಡ್ಡಿಗಳೇ ಕಂಡರೂ ಹೆದರಬೇಡಿ, ಚಿಗುರುತ್ತೆ. ಕತ್ತರಿಸಿದ್ದರಲ್ಲಿ ಬೇರು ಇರುವ ಚೂರು ಆರಿಸಿ ಬಲಗಡೆ ನೆಡಿ.

ಕಲ್ಲಿನಮನೆ

ಕಲ್ಲಿನ ಬುಡದ ಸುತ್ತ ಇನ್ನೂ ಸ್ವಲ್ಪ ತಗ್ಗಾಗಿ ಕತ್ತರಿಸಿ. ಚಿಕ್ಕ ಕಲ್ಲೆರಡು ಆಗಲೇ ಮುಳುಗಿ ಹೋಗ್ತಿವೆ ಫೋಟೋದಲ್ಲಿ.

ನಿಧಾನವೇಪ್ರಧಾನ

ಅವು ಮುಳುಗಲಿ ಬಿಡಿ ಸರ್. ಮುಚ್ಚಿಹೋದರೂ ಪರವಾಗಿಲ್ಲ ಅಂತ ನೀವೇ ಬರೆದಿದ್ದಿರಲ್ಲ, ಮೇಲೆ ಇದೆ ನೋಡಿ.

ಕಲ್ಲಿನಮನೆ

ಒಂದು ಮುಳುಗಲಿ. ಮುಂದಿನದು ಮಾತ್ರ ಬೇಡ, ಅದು ಹೋದರೆ ದೊಡ್ಡದರ ಎತ್ತರ ಗೊತ್ತಾಗಲ್ಲ.

ಪಾಚಿವೈರಿ

ಕತ್ತರಿಸುವಾಗ ಫಿಲ್ಟರ್ ನಿಲ್ಲಿಸಿ. ತೇಲಿದ್ದನ್ನೆಲ್ಲ ಬಲೆಯಲ್ಲಿ ಎತ್ತಿ, ಅರ್ಧ ನೀರು ಬದಲಿಸಿ, ಆಮೇಲೆ ಫಿಲ್ಟರ್ ಹಾಕಿ. ಇಲ್ಲದಿದ್ದರೆ ಚೂರೆಲ್ಲ ಒಳಗೆ ಹೋಗಿ ಹರಿವು ಅರ್ಧ ಆಗುತ್ತೆ, ಮತ್ತೆ ಬಲಮೂಲೆ ಕರಗ್ತಿದೆ ಅಂತ ಬರೀತೀರಿ.

ಹಸಿರುಗಾಜು

ಸರಿ, ಫಿಲ್ಟರ್ ನಿಲ್ಲಿಸಿದೆ. ಕತ್ತರಿ ಹಿಡೀತಿದ್ದೇನೆ. ಮುಂದಿನ ಕಲ್ಲು ಉಳಿಸ್ತೇನೆ ಸರ್.